ಕೋಡ್ ಬರೆಯುವವರ ಮಾತಿಗೆ ಕಿವಿ ಎಲ್ಲಿದೆ?

2005ರ ಆರಂಭದಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತಾನು ಕಟ್ಟಿಸುತ್ತಿದ್ದ ‘ವರ್ಚುವಲ್ ಕೇಸ್ ಫೈಲ್’ ಎಂಬ ಸಾಫ್ಟ್‌ವೇರನ್ನು ಕೈಬಿಟ್ಟಿತು. ಅದಕ್ಕೆ ಆಗಿದ್ದ ಖರ್ಚು ಸುಮಾರು 17 ಕೋಟಿ ಡಾಲರ್. ಬರೆದಿದ್ದ ಕೋಡ್ ಏಳು ಲಕ್ಷ ಸಾಲುಗಳಷ್ಟು. ತನಿಖೆಯ ಕಡತಗಳನ್ನೆಲ್ಲ ಕಾಗದದಿಂದ ಕಂಪ್ಯೂಟರಿಗೆ ತರಬೇಕಿದ್ದ ಈ ವ್ಯವಸ್ಥೆ ಪೂರ್ಣ ರೂಪದಲ್ಲಿ ಒಂದು ದಿನವೂ ಬಳಕೆಗೆ ಬರಲಿಲ್ಲ. ಸಾಫ್ಟ್‌ವೇರ್ ಕಟ್ಟುವ ವಿಧಾನಗಳ ಬಗ್ಗೆ ಮಾತು ಬಂದಾಗಲೆಲ್ಲ ಈ ಪ್ರಕರಣವನ್ನು ಉದಾಹರಿಸುವುದು ವಾಡಿಕೆ. ಎಲ್ಲವನ್ನೂ ಮೊದಲೇ ಬರೆದಿಟ್ಟು ಹಂತ ಹಂತವಾಗಿ ಕಟ್ಟುವ ಹಳೆಯ ವಾಟರ್‌ಫಾಲ್ ಪದ್ಧತಿ ಸೋತಿತು, ಮುಂದಿನ ಪ್ರಯತ್ನದಲ್ಲಿ ಸ್ವಲ್ಪಸ್ವಲ್ಪವಾಗಿ ಕಟ್ಟಿ ತೋರಿಸುತ್ತ ಹೋಗುವ ಅಜೈಲ್ ಗೆದ್ದಿತು ಎಂದು ಅದರ ತಾತ್ಪರ್ಯವನ್ನು ಹೇಳಿ ಮುಗಿಸುತ್ತಾರೆ. ದಾಖಲೆಗಳನ್ನು ಸಾವಧಾನವಾಗಿ ಓದಿದರೆ ಬೇರೆಯದೇ ಸಂಗತಿ ಕಾಣುತ್ತದೆ. ಅಲ್ಲಿ ಸೋತದ್ದಕ್ಕೂ ಗೆದ್ದದ್ದಕ್ಕೂ ವಿಧಾನದ ಹೆಸರು ಮುಖ್ಯ ಕಾರಣವಲ್ಲ. ಕೆಲಸ ಮಾಡುವವರಿಗೆ ಗೊತ್ತಾದ ಕೆಟ್ಟ ಸುದ್ದಿ ತೀರ್ಮಾನ ಮಾಡುವವರನ್ನು ಎಷ್ಟು ಬೇಗ ಮುಟ್ಟಿತು, ಮುಟ್ಟಿದ ಮೇಲೆ ಯೋಜನೆ ಬದಲಾಯಿತೇ ಎಂಬುದೇ ಎರಡು ಕಡೆಯೂ ನಿರ್ಣಾಯಕವಾಯಿತು. ಯಾವ ವಿಧಾನವನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಎಂಜಿನಿಯರನ ಮಾತಿಗೆ ಬೆಲೆ ಇದೆಯೇ ಎಂಬ ಪ್ರಶ್ನೆಯಿಂದ ಬೇರೆ ಮಾಡಲು ಬರುವುದಿಲ್ಲ ಎಂಬುದೇ ಈ ಲೇಖನದ ವಾದ.

ಆ ಯೋಜನೆಯೊಳಗೆ ಏನು ನಡೆಯಿತೆಂದು ಸ್ವಲ್ಪ ಹತ್ತಿರದಿಂದ ನೋಡೋಣ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಎಫ್‌ಬಿಐ ಮೇಲೆ ಒತ್ತಡ ವಿಪರೀತವಾಗಿತ್ತು. 2002ರಲ್ಲಿ ತಿಂಗಳುಗಟ್ಟಲೆ ಸಭೆಗಳು ನಡೆದವು. ಒಂದು ಕಡೆ ಪತ್ತೇದಾರರು, ಇನ್ನೊಂದು ಕಡೆ ಗುತ್ತಿಗೆ ಕಂಪನಿಯ ಎಂಜಿನಿಯರುಗಳು ಕುಳಿತು ‘ರಿಕ್ವೈರ್ಮೆಂಟ್’ ಬರೆದರು. ಆ ದಸ್ತಾವೇಜು 800 ಪುಟ ಮೀರಿತು. ವ್ಯವಸ್ಥೆ ಏನು ಮಾಡಬೇಕು ಎಂಬುದರ ಜೊತೆಗೆ ಯಾವ ಪುಟದಲ್ಲಿ ಯಾವ ಗುಂಡಿ ಇರಬೇಕು, ಅದರ ಬಣ್ಣ ಯಾವುದು ಎಂಬ ಮಟ್ಟದ ಚರ್ಚೆಯೂ ಆ ಸಭೆಗಳಲ್ಲಿ ನಡೆಯುತ್ತಿತ್ತು. ಗ್ರಾಹಕ ಕೇಳಿದ್ದಕ್ಕೆಲ್ಲ ಹೂಂ ಎನ್ನುವುದು ರೂಢಿಯಾಗಿತ್ತು. ತಂಡದಲ್ಲಿದ್ದ ಒಬ್ಬ ಭದ್ರತಾ ತಜ್ಞ ಆಕ್ಷೇಪ ಎತ್ತಿದ. ಒಳಗೆ ಯಾರೂ ಕಿವಿಗೊಡದಾಗ ತನ್ನ ಆತಂಕವನ್ನು ಹೊರಗೆ, ನಾಲ್ಕು ಜನ ಓದುವ ಕಡೆ ಬರೆದ. ಕಂಪನಿ ಅದನ್ನು ಎಫ್‌ಬಿಐ ಗಮನಕ್ಕೆ ತಂದಿತು. ತನಿಖೆಯಾದದ್ದು ಅವನ ಆಕ್ಷೇಪದ ಬಗ್ಗೆಯಲ್ಲ, ಅವನ ಬಗ್ಗೆ! ಅವನು ಯೋಜನೆಯಿಂದ ಹೊರಬಿದ್ದ. ಅವನು ಹೇಳಿದ್ದೆಲ್ಲ ಸರಿಯಾಗಿತ್ತು ಎನ್ನಬೇಕಿಲ್ಲ. ಆದರೆ ಅವನನ್ನು ನಡೆಸಿಕೊಂಡ ರೀತಿಯನ್ನು ನೋಡಿದ ಉಳಿದವರು ಮುಂದೆ ಬಾಯಿ ಬಿಡುತ್ತಾರೆಯೇ?

2003ರ ಡಿಸೆಂಬರಿನಲ್ಲಿ ಗುತ್ತಿಗೆದಾರರು ಸಾಫ್ಟ್‌ವೇರನ್ನು ಒಪ್ಪಿಸಿದರು. ಎಫ್‌ಬಿಐ 17 ದೊಡ್ಡ ಲೋಪಗಳನ್ನು ಪಟ್ಟಿ ಮಾಡಿತು. ಬಿಡಿಸಿ ಎಣಿಸಿದಾಗ ಅವು 59 ಆದವು. ಜಗಳ ಮಧ್ಯಸ್ಥರೊಬ್ಬರ ಮುಂದೆ ಹೋಯಿತು. 59ರಲ್ಲಿ 40 ಗುತ್ತಿಗೆದಾರರ ತಪ್ಪು, ಉಳಿದ 19 ಎಫ್‌ಬಿಐ ತಾನೇ ಬೇಡಿಕೆ ಬದಲಿಸಿದ್ದರಿಂದ ಹುಟ್ಟಿದ್ದು ಎಂದು ಅವರು ತೀರ್ಪು ಕೊಟ್ಟರು. ತಪ್ಪು ಎರಡೂ ಕಡೆ ಇತ್ತೆನ್ನುವುದಕ್ಕಿಂತ ಅದು ಹೊರಬಿದ್ದ ಹೊತ್ತು ಇಲ್ಲಿ ಮುಖ್ಯ. ಸಾಮಾನು ಒಪ್ಪಿಸುವ ದಿನದವರೆಗೂ ಗುತ್ತಿಗೆದಾರರ ನಂಬಿಕೆಯೊಂದು, ಗ್ರಾಹಕರ ನಂಬಿಕೆಯೊಂದು. ಕೋಡ್ ಬರೆಯುತ್ತಿದ್ದವರಿಗೆ ಆ ಅಂತರ ಎಷ್ಟೋ ಮೊದಲೇ ಕಂಡಿರಲೇಬೇಕು. ಅದನ್ನು ಮೇಲೆ ಸಾಗಿಸುವ ದಾರಿ ಮಾತ್ರ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಹಳೆಯ ವ್ಯವಸ್ಥೆಯನ್ನು ಒಂದೇ ಏಟಿಗೆ ಮುಚ್ಚಿ ಹೊಸದನ್ನು ತೆರೆಯುವ ಯೋಜನೆ ಬೇರೆ ಹಾಕಿಕೊಂಡಿದ್ದರು. ಕೆಟ್ಟರೆ ವಾಪಸು ಹೋಗುವ ಉಪಾಯವಿಲ್ಲದ ಇಂಥ ಸಾಹಸ ಬೇಡವೆಂದು ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ ಸಮಿತಿ 2004ರಲ್ಲಿ ಎಚ್ಚರಿಸಿತು.

ಮುಂದಿನ ಪ್ರಯತ್ನದ ಹೆಸರು ‘ಸೆಂಟಿನೆಲ್’. 2006ರಲ್ಲಿ ಲಾಕ್‌ಹೀಡ್ ಮಾರ್ಟಿನ್ ಕಂಪನಿಗೆ ಗುತ್ತಿಗೆ ಹೋಯಿತು. ನಾಲ್ಕು ಹಂತಗಳು, ಆಮೇಲೆ 45.1 ಕೋಟಿ ಡಾಲರಿಗೆ ಏರಿದ ಬಜೆಟ್. 2010ರ ಹೊತ್ತಿಗೆ 40.5 ಕೋಟಿ ಡಾಲರ್ ಖರ್ಚಾಗಿ, ನಾಲ್ಕರಲ್ಲಿ ಎರಡೇ ಹಂತ ಮುಗಿದಿತ್ತು. ಉಳಿದದ್ದಕ್ಕೆ ಇನ್ನೂ ಆರು ವರ್ಷ, 35 ಕೋಟಿ ಬೇಕಾದೀತು ಎಂದು ಹೊರಗಿನ ತಜ್ಞರ ಅಂದಾಜು ಬಂತು. ಆಗ ಎಫ್‌ಬಿಐ ಕೆಲಸವನ್ನು ತನ್ನ ಕೈಗೇ ತೆಗೆದುಕೊಂಡಿತು. ಗುತ್ತಿಗೆಯ ಸುಮಾರು 220 ಜನರನ್ನು 40ಕ್ಕೆ ಇಳಿಸಿ, ಎರಡೆರಡು ವಾರದ ಸ್ಪ್ರಿಂಟ್‌ಗಳಲ್ಲಿ ಕೆಲಸ ಹಚ್ಚಿತು. ಪ್ರತಿ ಸ್ಪ್ರಿಂಟಿನ ಕೊನೆಗೆ ಅದುವರೆಗೆ ಆದದ್ದನ್ನು ಓಡಿಸಿ ತೋರಿಸಬೇಕಿತ್ತು. 2012ರ ಜುಲೈನಲ್ಲಿ ಸೆಂಟಿನೆಲ್ ಎಲ್ಲ ಕಚೇರಿಗಳಲ್ಲಿ ಬಳಕೆಗೆ ಬಂತು, ಅದೂ ಬಜೆಟ್ಟಿನ ಮಿತಿಯೊಳಗೆ.

ಅಜೈಲ್‌ನ ಪ್ರಚಾರಕರು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುತ್ತಾರೆ. ಆದರೆ ಮುಗಿಸುತ್ತೇವೆಂದು ಮೊದಲು ಹೇಳಿದ್ದು 2011ರ ಸೆಪ್ಟೆಂಬರಿಗೆ. ಆ ಗಡುವು ತಪ್ಪಿತು. 2011ರ ಅಕ್ಟೋಬರಿನಲ್ಲಿ ನಿಜವಾದ ಬಳಕೆದಾರರನ್ನು ಕೂರಿಸಿ ಪರೀಕ್ಷೆ ಮಾಡಿದಾಗ ಹಳೆಯ ಹಾರ್ಡ್‌ವೇರ್ ಆ ಭಾರ ತಾಳಲಾರದೆ ನಿಂತುಹೋಯಿತು. ಹೊಸ ಯಂತ್ರಗಳನ್ನು ಕೊಳ್ಳಬೇಕಾಯಿತು, ತಿಂಗಳುಗಳು ಕಳೆದವು. ಬಳಕೆಗೆ ಬಂದ ಮೇಲೂ ಹುಡುಕಾಟದ ಸೌಲಭ್ಯ ಸರಿಯಿಲ್ಲವೆಂದು ಪತ್ತೇದಾರರು ದೂರಿದ್ದನ್ನು 2014ರಲ್ಲಿ ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ವರದಿಯೇ ದಾಖಲಿಸಿತು. ಅಂದರೆ ಅಂದಾಜು ತಪ್ಪಿದ್ದು, ದೋಷ ಉಳಿದದ್ದು ಇಲ್ಲಿಯೂ ಇತ್ತು. ವ್ಯತ್ಯಾಸವೆಂದರೆ ತಪ್ಪು ಬೇಗ ಕಂಡಿತು, ಕಂಡ ಮೇಲೆ ತಾರೀಕೇ ಬದಲಾಯಿತು. ಗಡುವಿಗಿಂತ ಪರೀಕ್ಷೆಯ ಫಲಿತಾಂಶಕ್ಕೆ ಹೆಚ್ಚು ಬೆಲೆ ಸಿಕ್ಕಿದ್ದೇ ಸೆಂಟಿನೆಲ್ ಉಳಿದುಕೊಂಡ ಗುಟ್ಟು ಎಂದು ನನಗನ್ನಿಸುತ್ತದೆ.

ಹಾಗಾದರೆ ವಾಟರ್‌ಫಾಲ್‌ನಲ್ಲಿ ಈ ದಾರಿ ಇರುವುದೇ ಇಲ್ಲವೇ? ಇದಕ್ಕೆ ಉತ್ತರ ಬೇಕಾದರೆ ಆ ಪದ್ಧತಿಯ ಮೂಲವೆಂದು ಎಲ್ಲರೂ ಬೊಟ್ಟು ಮಾಡುವ ಪ್ರಬಂಧಕ್ಕೇ ಹೋಗಬೇಕು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಎಂಜಿನಿಯರ್ ದೊಡ್ಡ ಸಾಫ್ಟ್‌ವೇರ್ ವ್ಯವಸ್ಥೆಗಳ ನಿರ್ವಹಣೆಯ ಬಗ್ಗೆ ಒಂದು ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದರು. ಬೇಡಿಕೆ, ವಿಶ್ಲೇಷಣೆ, ವಿನ್ಯಾಸ, ಕೋಡ್, ಪರೀಕ್ಷೆ ಎಂದು ಒಂದಾದ ಮೇಲೊಂದು ಇಳಿಯುವ ಮೆಟ್ಟಿಲುಗಳ ಚಿತ್ರ ಅದರಲ್ಲಿದೆ. ಚಿತ್ರದ ಕೆಳಗೇ, ಇದನ್ನು ಹೀಗೆಯೇ ಜಾರಿಗೆ ತಂದರೆ ಅಪಾಯ, ಸೋಲಿಗೆ ಆಹ್ವಾನ ಎಂದು ರಾಯ್ಸ್ ಬರೆದಿದ್ದಾರೆ. ಪರೀಕ್ಷೆ ಕಟ್ಟಕಡೆಗೆ ಬರುವುದರಿಂದ ವಿನ್ಯಾಸದ ದೋಷ ಆಗ ತಿಳಿದು, ಕೆಲಸವೆಲ್ಲ ಮೊದಲಿನಿಂದ ಆಗಬೇಕಾಗುತ್ತದೆ ಎಂಬುದು ಅವರ ಕಾರಣ. ಉಳಿದ ಪುಟಗಳಲ್ಲಿ ಅವರು ಹೇಳುವುದು ಅದರ ಪರಿಹಾರಗಳನ್ನೇ: ಸಾಫ್ಟ್‌ವೇರ್ ಹೊಸ ಬಗೆಯದಾದರೆ ಒಮ್ಮೆ ಸಣ್ಣದಾಗಿ ಕಟ್ಟಿ ನೋಡಿ ಎರಡನೆಯದನ್ನು ಗ್ರಾಹಕರಿಗೆ ಕೊಡಿ, ಗ್ರಾಹಕರನ್ನು ನಡುನಡುವೆ ಒಳಗೊಳ್ಳಿ. ಆದರೆ ಗುತ್ತಿಗೆ ಬರೆಯುವವರಿಗೆ ಹಿಡಿಸಿದ್ದು ಚಿತ್ರವೊಂದೇ. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ 2167 ಸಂಖ್ಯೆಯ ಮಾನದಂಡ ಬಂತು. ಹಂತ ಹಂತವಾಗಿ, ಹಂತಕ್ಕೊಂದು ದಸ್ತಾವೇಜು ಒಪ್ಪಿಸಿ ಮುಂದೆ ಹೋಗುವ ಪದ್ಧತಿಯನ್ನು ಗುತ್ತಿಗೆದಾರರು ಅದರಿಂದ ಕಲಿತರು. ಎರಡೇ ವರ್ಷಕ್ಕೆ, 1987ರಲ್ಲಿ, ಐಬಿಎಂನಲ್ಲಿ ಓಎಸ್/360 ಕಟ್ಟಿಸಿದ ಫ್ರೆಡ್ ಬ್ರೂಕ್ಸ್ ಅಧ್ಯಕ್ಷತೆಯ ತಜ್ಞರ ತಂಡ, ಇದನ್ನು ಬಿಟ್ಟು ಸ್ವಲ್ಪಸ್ವಲ್ಪವಾಗಿ ಬೆಳೆಸುವ ಕ್ರಮಕ್ಕೆ ಬನ್ನಿ ಎಂದು ಅದೇ ಇಲಾಖೆಗೆ ವರದಿ ಕೊಟ್ಟಿತು. ಮಾನದಂಡ ಬದಲಾಗಲು 1994 ಬರಬೇಕಾಯಿತು. ಒಬ್ಬ ಎಂಜಿನಿಯರ್ ಬರಹದಲ್ಲೇ ಕೊಟ್ಟ ಎಚ್ಚರಿಕೆ ಸರ್ಕಾರದ ನಿಯಮವನ್ನು ಮುಟ್ಟಲು 24 ವರ್ಷ!

ಅಜೈಲ್‌ನ ಗತಿಯೂ ಇದಕ್ಕಿಂತ ಬಹಳ ಬೇರೆಯಾಗಲಿಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಬರೆದ ಪ್ರಣಾಳಿಕೆ ಚಿಕ್ಕದು. ನಾಲ್ಕು ಮೌಲ್ಯಗಳು, ಹನ್ನೆರಡು ತತ್ವಗಳು. ಉಪಕರಣ, ಪ್ರಕ್ರಿಯೆಗಳಿಗಿಂತ ಜನರ ನಡುವಿನ ಮಾತುಕತೆ ಮೇಲು ಎಂಬುದು ಅದರಲ್ಲಿ ಮೊದಲನೆಯದು. ತಂಡ ಆಗಾಗ ಕುಳಿತು ತನ್ನ ಕೆಲಸದ ರೀತಿಯನ್ನು ತಾನೇ ತಿದ್ದಿಕೊಳ್ಳಬೇಕು ಎಂಬುದು ಕೊನೆಯ ತತ್ವ. ವಿಧಾನವನ್ನು ಆರಿಸುವ ಹಕ್ಕು ಕೆಲಸ ಮಾಡುವವರದ್ದು ಎಂಬುದೇ ಇದರ ಜೀವಾಳ. ಈಗ ಬೆಂಗಳೂರಿನ ವೈಟ್‌ಫೀಲ್ಡ್‌ನಿಂದ ಹಿಡಿದು ಎಲೆಕ್ಟ್ರಾನಿಕ್ ಸಿಟಿಯವರೆಗೆ ಬೆಳಗಿನ ಸ್ಟ್ಯಾಂಡಪ್ ಎಂಬ ಕಿರುಸಭೆ ನಡೆಯದ ಆಫೀಸು ಅಪರೂಪ. ಆ ಹದಿನೈದು ನಿಮಿಷ ಮೂಲತಃ ತಂಡದವರು ಪರಸ್ಪರ ಅಡಚಣೆ ಹೇಳಿಕೊಳ್ಳಲು ಇದ್ದದ್ದು. ಎಷ್ಟೋ ಕಡೆ ಅದು ಮ್ಯಾನೇಜರಿಗೆ ಹಾಜರಿ ಹಾಕುವ ಕಾರ್ಯಕ್ರಮವಾಗಿದೆ: ನಿನ್ನೆ ಈ ಟಿಕೆಟ್, ಇವತ್ತು ಆ ಟಿಕೆಟ್, ಅಡಚಣೆ ಏನೂ ಇಲ್ಲ. ಅಡಚಣೆ ಇದೆ ಎಂದರೆ ಮೀಟಿಂಗ್ ಮುಗಿದ ಮೇಲೆ ಇನ್ನೊಂದು ಮೀಟಿಂಗ್. ಕೆಲಸದ ಗಾತ್ರ ಅಂದಾಜು ಮಾಡಲು ಬಳಸುವ ಸ್ಟೋರಿ ಪಾಯಿಂಟುಗಳನ್ನು ತಂಡ ತಂಡದ ನಡುವೆ ಹೋಲಿಸಿ ಅಂಕಪಟ್ಟಿ ಮಾಡುತ್ತಾರೆ. ಅಂಕ ಬೇಕೆಂದಾಗ ಅಂದಾಜು ಉಬ್ಬುತ್ತದೆ, ನಿಜ ಅಡಗುತ್ತದೆ. ಪ್ರಣಾಳಿಕೆಗೆ ಸಹಿ ಹಾಕಿದವರಲ್ಲೊಬ್ಬರಾದ ಮಾರ್ಟಿನ್ ಫೌಲರ್ 2018ರಲ್ಲಿ ಇದನ್ನೇ ಕಟುವಾಗಿ ಟೀಕಿಸಿದರು. ತಂಡಗಳ ಮೇಲೆ ವಿಧಾನ ಹೇರುವ ಒಂದು ಉದ್ಯಮವೇ ಹುಟ್ಟಿಕೊಂಡಿದೆ, ಇದು ಮೂಲ ಆಶಯಕ್ಕೆ ಬಗೆದ ದ್ರೋಹ ಎಂಬುದು ಅವರ ಮಾತಿನ ಸಾರ. ಸಹಿ ಹಾಕಿದ ಇನ್ನೊಬ್ಬರು, ರಾನ್ ಜೆಫ್ರೀಸ್, ಅದೇ ವರ್ಷ ಡೆವಲಪರುಗಳು ಈ ಹೆಸರಿನ ಹಂಗನ್ನೇ ಬಿಡುವುದು ಒಳ್ಳೆಯದು ಎಂದರು.

ಬಿಗಿಯಾದ, ಭಾರವಾದ ಪ್ರಕ್ರಿಯೆಯೊಳಗೂ ಎಂಜಿನಿಯರನ ಮಾತು ಗೆಲ್ಲಬಹುದು ಎಂಬುದಕ್ಕೆ ನಾಸಾದ ಬಾಹ್ಯಾಕಾಶ ನೌಕೆಯ ಸಾಫ್ಟ್‌ವೇರ್ ಅತ್ಯುತ್ತಮ ಸಾಕ್ಷಿ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ಒಡೆದು ಏಳು ಮಂದಿ ಸತ್ತ ದುರಂತದ ತನಿಖಾ ಆಯೋಗದಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಇದ್ದರು. ವರದಿಗೆ ಅವರು ಸೇರಿಸಿದ ಅನುಬಂಧದಲ್ಲಿ ನಾಸಾದ ನಿರ್ವಾಹಕರ ಮೇಲೆ ಕಟು ಟೀಕೆಯಿದೆ. ಅದೇ ಅನುಬಂಧದಲ್ಲಿ ಅವರು ಮನಸಾರೆ ಮೆಚ್ಚಿದ್ದು ನೌಕೆಯ ಕಂಪ್ಯೂಟರ್ ಸಾಫ್ಟ್‌ವೇರ್ ತಂಡವನ್ನು. ಪ್ರತಿ ಬದಲಾವಣೆಯನ್ನೂ ತಳದಿಂದ ಮೇಲಕ್ಕೆ ಪರೀಕ್ಷಿಸುತ್ತಿದ್ದರು. ಬರೆದವರ ತಂಡ ಬೇರೆ, ತಪ್ಪು ಹುಡುಕುವ ತಂಡ ಬೇರೆ. ಎರಡನೆಯ ತಂಡ ಎದುರಾಳಿಯಂತೆ ನಿಂತು ಪರೀಕ್ಷಿಸುತ್ತಿತ್ತು. ಕೊನೆಯ ಹಂತದಲ್ಲಿ ಸಿಕ್ಕ ಒಂದು ದೋಷವನ್ನೂ ಗಂಭೀರ ಘಟನೆಯೆಂದು ಪರಿಗಣಿಸಿ ಅದು ಹೇಗೆ ನುಸುಳಿತೆಂದು ಮೂಲ ಶೋಧಿಸುತ್ತಿದ್ದರು. ಇಷ್ಟೆಲ್ಲ ಪರೀಕ್ಷೆ ಯಾಕೆ, ಖರ್ಚು ಕಡಿಮೆ ಮಾಡಿ ಎಂಬ ಸೂಚನೆ ಮೇಲಿನಿಂದ ಬರುತ್ತಿತ್ತು. ಅದಕ್ಕೆ ಮಣಿಯಬಾರದು ಎಂದೂ ಫೈನ್‌ಮನ್ ಬರೆದರು. ಇದು ಅಜೈಲ್‌ನ ಹೆಸರು ಹುಟ್ಟುವ ಮೊದಲಿನ, ದಸ್ತಾವೇಜುಗಳಿಂದ ತುಂಬಿದ, ನಿಧಾನ ಪದ್ಧತಿ. ಆದರೂ ತಪ್ಪಿದೆ ಎಂದು ಹೇಳುವುದೇ ಅಲ್ಲಿ ಒಂದು ತಂಡದ ಪೂರ್ಣಕಾಲಿಕ ಉದ್ಯೋಗವಾಗಿತ್ತು.

ಅದೇ ನೌಕೆಯ ರಾಕೆಟ್ ಕಟ್ಟಿದ ಮಾರ್ಟನ್ ಥಿಯೋಕಾಲ್ ಕಂಪನಿಯಲ್ಲಿ ಆದದ್ದು ಇದರ ತದ್ವಿರುದ್ಧ. ರಾಕೆಟ್ಟಿನ ಜೋಡಣೆಯಲ್ಲಿರುವ ರಬ್ಬರಿನ ಉಂಗುರ ಅನಾಹುತಕ್ಕೆ ಕಾರಣವಾದೀತು ಎಂದು ಎಂಜಿನಿಯರ್ ರೋಜರ್ ಬಾಯ್ಸ್‌ಜೋಲಿ 1985ರ ಜುಲೈನಲ್ಲೇ ಪತ್ರ ಬರೆದಿದ್ದರು. ಉಡಾವಣೆಯ ಹಿಂದಿನ ರಾತ್ರಿಯ ಫೋನ್ ಸಭೆಯಲ್ಲಿ, ಇಷ್ಟು ಚಳಿಯಲ್ಲಿ ಹಾರಿಸುವುದು ಬೇಡವೆಂದೇ ಕಂಪನಿ ಮೊದಲು ಹೇಳಿತು. ನಾಸಾ ಒಪ್ಪಲಿಲ್ಲ. ಸ್ವಲ್ಪ ಹೊತ್ತು ಫೋನ್ ಬದಿಗಿಟ್ಟು ಚರ್ಚಿಸಿದಾಗ, ಎಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷರಿಗೆ ಈಗ ಮ್ಯಾನೇಜರನಂತೆ ಯೋಚಿಸು ಎಂಬ ಸೂಚನೆ ಸಿಕ್ಕಿತು. ತೀರ್ಮಾನ ನಾಲ್ಕು ಮ್ಯಾನೇಜರುಗಳದ್ದಾಯಿತು. ಎಂಜಿನಿಯರುಗಳ ಮತ ಕೇಳಲಿಲ್ಲ. ಒಂದೇ ನೌಕೆ, ಒಂದೇ ಕಾಲ. ಎರಡು ಕಡೆಯೂ ಕಾಗದಪತ್ರ, ಪರಿಶೀಲನೆ, ಸಹಿಗಳಿಗೆ ಕೊರತೆ ಇರಲಿಲ್ಲ. ಒಂದು ಕಡೆ ಹಾರುವುದು ಸುರಕ್ಷಿತ ಎನ್ನುವವನು ಸಾಕ್ಷ್ಯ ಕೊಡಬೇಕಿತ್ತು. ಇನ್ನೊಂದು ಕಡೆ ಅಪಾಯ ಇದೆ ಎನ್ನುವವನೇ ಅದನ್ನು ಸಾಬೀತು ಮಾಡಬೇಕಾಯಿತು. ಸಂಸ್ಥೆಯೊಂದರ ನಿಜವಾದ ವಿಧಾನ ಯಾವುದು ಎಂದು ತಿಳಿಯಬೇಕಾದರೆ ಸಾಬೀತಿನ ಹೊರೆ ಯಾರ ಹೆಗಲ ಮೇಲಿದೆ ಎಂದು ನೋಡಬೇಕು. ಗೋಡೆಯ ಮೇಲೆ ಅಂಟಿಸಿದ ಚೀಟಿಗಳು ಅದನ್ನು ಹೇಳುವುದಿಲ್ಲ.

ಆ ರಾತ್ರಿ ಎಂಜಿನಿಯರುಗಳು ತಮ್ಮ ಅಂಕಿಅಂಶವನ್ನು ಸರಿಯಾಗಿ ಜೋಡಿಸಿ ತೋರಿಸಲಿಲ್ಲ, ತಾಪಮಾನಕ್ಕೂ ಉಂಗುರದ ಹಾನಿಗೂ ಇರುವ ಸಂಬಂಧ ಒಂದೇ ನೋಟಕ್ಕೆ ಕಾಣುವಂತೆ ಚಿತ್ರ ಬರೆದಿದ್ದರೆ ಉಡಾವಣೆ ನಿಲ್ಲುತ್ತಿತ್ತು ಎಂದು ಮಾಹಿತಿ ವಿನ್ಯಾಸದ ಪಂಡಿತ ಎಡ್ವರ್ಡ್ ಟಫ್ಟಿ ವಾದಿಸಿದರು. ಬಾಯ್ಸ್‌ಜೋಲಿ ಮತ್ತು ಅವರ ಜೊತೆಗಾರರು ಈ ವಾದವನ್ನು ಒಪ್ಪದೆ, ಎಂಜಿನಿಯರುಗಳ ನಿಜವಾದ ತರ್ಕವನ್ನೇ ಇದು ತಪ್ಪಾಗಿ ಗ್ರಹಿಸಿದೆ ಎಂದು ಉತ್ತರ ಬರೆದರು. ಈ ಜಗಳದಲ್ಲಿ ನನ್ನ ಒಲವು ಬಾಯ್ಸ್‌ಜೋಲಿ ಕಡೆಗೆ. ಕೆಲವೇ ಗಂಟೆಗಳ ಅವಧಿ ಕೊಟ್ಟು, ಹಾರಬಾರದು ಎಂಬುದಕ್ಕೆ ಪುರಾವೆ ತನ್ನಿ ಎನ್ನುವುದೇ ಅನ್ಯಾಯ. ಆದರೂ ಟಫ್ಟಿ ಮಾತಿನಲ್ಲಿ ಎಂಜಿನಿಯರ್ ಕಲಿಯಬೇಕಾದ್ದು ಇದೆ. ‘ಈ ಡಿಸೈನ್ ಸರಿಯಿಲ್ಲ’ ಎಂಬ ಮಾತು ಮ್ಯಾನೇಜರನ ಕಿವಿಗೆ ಅಭಿರುಚಿಯ ಮಾತಾಗಿ ಕೇಳುತ್ತದೆ. ‘ಹತ್ತು ಸಾವಿರ ಜನ ಒಮ್ಮೆಗೇ ಲಾಗಿನ್ ಆದರೆ ಇದು ನಿಲ್ಲುತ್ತದೆ, ಎರಡು ದಿನ ಕೊಟ್ಟರೆ ಪರೀಕ್ಷೆ ಮಾಡಿ ತೋರಿಸುತ್ತೇನೆ’ ಎಂದರೆ ತೀರ್ಮಾನ ಮಾಡಲು ಅವನ ಕೈಗೆ ಏನಾದರೂ ಸಿಗುತ್ತದೆ. ದೊಡ್ಡ ತೀರ್ಮಾನಗಳನ್ನು ಒಂದು ಪುಟದಲ್ಲಿ, ಯಾವ ಪರ್ಯಾಯಗಳಿದ್ದವು, ಇದನ್ನೇ ಯಾಕೆ ಆರಿಸಿದೆವು, ಇದರಿಂದ ಬರುವ ತೊಂದರೆಗಳೇನು ಎಂದು ಬರೆದು ಕೋಡಿನ ಜೊತೆಗೇ ಇಡುವ ಪದ್ಧತಿಯನ್ನು ಮೈಕೆಲ್ ನೈಗಾರ್ಡ್ 2011ರಲ್ಲಿ ಸೂಚಿಸಿದರು. ಈಗ ಅನೇಕ ತಂಡಗಳು ಅದನ್ನು ಪಾಲಿಸುತ್ತವೆ. ಹೀಗೆ ಬರೆದಿಟ್ಟ ಭಿನ್ನಮತ ಆರು ತಿಂಗಳ ನಂತರವೂ ಸಾಕ್ಷಿಯಾಗಿ ಉಳಿಯುತ್ತದೆ.

ಎಂಜಿನಿಯರುಗಳ ಮಾತು ಕೇಳಿದರೆ ಎಲ್ಲ ಸರಿಹೋಗುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಖಂಡಿತ ಇಲ್ಲ. 1998ರಲ್ಲಿ ನೆಟ್‌ಸ್ಕೇಪ್ ತನ್ನ ಬ್ರೌಸರಿನ ಹಳೆಯ ಕೋಡನ್ನು ಬದಿಗಿಟ್ಟು ಹೊಸ ಎಂಜಿನ್ ಮೇಲೆ ಮತ್ತೆ ಕಟ್ಟಲು ಹೊರಟಾಗ ತಾಂತ್ರಿಕ ವಲಯದ ಬೆಂಬಲ ಬಲವಾಗಿಯೇ ಇತ್ತು. ಐದನೇ ಆವೃತ್ತಿ ಹೊರಬರಲೇ ಇಲ್ಲ. ಆರನೆಯದು ಬರುವಾಗ 2000ದ ನವೆಂಬರ್. ಅಷ್ಟರಲ್ಲಿ ಮಾರುಕಟ್ಟೆ ಮೈಕ್ರೋಸಾಫ್ಟ್ ಪಾಲಾಗಿತ್ತು. ಅಂದದ ಕೋಡ್, ಹೊಸ ಫ್ರೇಮ್‌ವರ್ಕ್ ಎಂದರೆ ಎಂಜಿನಿಯರಿಗೆ ಮೋಹ ಇದ್ದೇ ಇರುತ್ತದೆ. ಆದರೆ ಮಾತು ಕೇಳುವುದೆಂದರೆ ಹೇಳಿದ್ದನ್ನೆಲ್ಲ ಪಾಲಿಸುವುದಲ್ಲ. ಹೇಳಿದ್ದು ತೀರ್ಮಾನದ ಮೇಜಿಗೆ ಬರಬೇಕು, ತಿರಸ್ಕರಿಸುವವರು ಕಾರಣ ಕೊಡಬೇಕು, ಆ ಕಾರಣಕ್ಕೆ ಒಬ್ಬರ ಹೆಸರು ಇರಬೇಕು. ಎಂಜಿನಿಯರ್ ತಪ್ಪು ಹೇಳಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ಇದರಿಂದ ಕೆಲಸ ನಿಧಾನವಾಗುತ್ತದೆ ಎನ್ನುವವರು ಸೆಂಟಿನೆಲ್ ಮುಗಿಸಿದ ತಂಡದ ಗಾತ್ರವನ್ನೂ, ಅದಕ್ಕೆ ಹಿಡಿದ ಅವಧಿಯನ್ನೂ ನೋಡಬೇಕು.

ಕರ್ನಾಟಕದ ಮಟ್ಟಿಗೆ ಇದು ದೂರದ ಮಾತಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆ ರೂಪಿಸಿದ ಸಿಎಂಎಂ ಎಂಬ ಐದು ಹಂತದ ಅಳತೆಗೋಲಿನಲ್ಲಿ ಅತ್ಯುನ್ನತ ಹಂತವನ್ನು ಮೊದಮೊದಲು ಮುಟ್ಟಿದವರಲ್ಲಿ ಹೂಸ್ಟನ್ನಿನ ಆ ನೌಕೆ ಸಾಫ್ಟ್‌ವೇರ್ ತಂಡವಿತ್ತು. 1993ರಲ್ಲಿ ಅದೇ ಹಂತಕ್ಕೆ ಏರಿದ್ದು ಬೆಂಗಳೂರಿನ ಮೊಟೊರೋಲಾ ಕೇಂದ್ರ. ಮುಂದಿನ ವರ್ಷಗಳಲ್ಲಿ ಐದನೇ ಹಂತದ ಪ್ರಮಾಣಪತ್ರ ಭಾರತದ ಸಾಫ್ಟ್‌ವೇರ್ ಸೇವಾ ಕಂಪನಿಗಳ ಗುರುತಾಯಿತು. ಇಲ್ಲಿಯ ಎಂಜಿನಿಯರುಗಳಿಗೆ ಶಿಸ್ತಿನ ಕೊರತೆ ಎಂದೂ ಇರಲಿಲ್ಲ. ಐದನೇ ಹಂತದ ಅರ್ಥವೇ ಕೆಲಸದ ಅನುಭವದಿಂದ ಕೆಲಸದ ರೀತಿಯನ್ನು ನಿರಂತರ ತಿದ್ದಿಕೊಳ್ಳುವುದು. ಆದರೆ ಗ್ರಾಹಕ ಸಾಗರದಾಚೆ, ವಿಧಾನ ಗ್ರಾಹಕರದ್ದು, ಬೆಲೆ ಮೊದಲೇ ನಿಗದಿ. ಇಲ್ಲಿ ಕುಳಿತವರು ಏನು ಮಾಡಲು ಸಾಧ್ಯ ಎನ್ನುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿದೆ. ಗುತ್ತಿಗೆಗೆ ಸಹಿ ಬೀಳುವಾಗ ಕೋಡ್ ಬರೆಯುವವರು ಕೋಣೆಯಲ್ಲಿ ಇರುವುದಿಲ್ಲ. ಸೇಲ್ಸ್‌ನವರು ಒಪ್ಪಿಕೊಂಡ ತಾರೀಕಿಗೆ ಹೊಂದುವಂತೆ ಅಂದಾಜನ್ನು ಹಿಂದಕ್ಕೆ ಹೆಣೆಯಲಾಗುತ್ತದೆ. ಹೊಸದಾಗಿ ಸೇರಿದ ಎಂಜಿನಿಯರ್ ಐದು ದಿನ ಬೇಕು ಎಂದರೆ ಮೂರು ಹಾಕೋಣ ಎನ್ನುತ್ತಾರೆ. ಶೀಟಿನಲ್ಲಿ ಮೂರು ಎಂದು ಬೀಳುತ್ತದೆ, ಆದರೆ ಅದನ್ನು ಕಡಿಮೆ ಮಾಡಿದವರ ಹೆಸರು ಬೀಳುವುದಿಲ್ಲ. ವರ್ಷದ ಕೊನೆಗೆ ಅಪ್ರೈಸಲ್‌ನಲ್ಲಿ ತಡವಾದದ್ದು ಅವನ ಲೆಕ್ಕಕ್ಕೆ. ಇಷ್ಟರಲ್ಲಿ ಗ್ರಾಹಕರ ಕೈವಾಡ ಏನೂ ಇಲ್ಲ, ಎಲ್ಲವೂ ನಮ್ಮದೇ ಆಫೀಸಿನ ಏರ್ಪಾಡು.

ಈ ಏರ್ಪಾಡನ್ನು ಬದಲಿಸಲು ಅಜೈಲ್‌ನ ಬಗೆಗಳಲ್ಲಿ ಸ್ಕ್ರಮ್ ಬೇಕೋ, ಕಾನ್ಬಾನ್ ಬೇಕೋ ಎಂಬ ಚರ್ಚೆ ಮುಗಿಯಬೇಕಾಗಿಲ್ಲ. ಅಂದಾಜು ಮಾಡಿದವರ ಒಪ್ಪಿಗೆಯಿಲ್ಲದೆ ಅಂದಾಜು ಬದಲಾಗಬಾರದು. ಬದಲಾದರೆ ಬದಲಿಸಿದವರ ಹೆಸರು ಪಕ್ಕದಲ್ಲಿರಬೇಕು. ಗುತ್ತಿಗೆಯ ಮಾತುಕತೆಗೆ ಕೆಲಸ ಮಾಡಲಿರುವ ತಂಡದ ಒಬ್ಬರಾದರೂ ಹೋಗಬೇಕು. ಎರಡು ವಾರಕ್ಕೊಮ್ಮೆ ಓಡುವ ಸಾಫ್ಟ್‌ವೇರನ್ನು ನೋಡಲು, ಅದನ್ನು ಬಳಸಲಿರುವ ಒಬ್ಬರನ್ನು ಗ್ರಾಹಕ ಸಂಸ್ಥೆ ಕಳಿಸಬೇಕು ಎಂಬ ಷರತ್ತು ಒಪ್ಪಂದದಲ್ಲೇ ಇರಬೇಕು. ತಂಡ ತನ್ನ ಕೆಲಸದ ರೀತಿಯನ್ನು ಹಿಂತಿರುಗಿ ನೋಡುವ ರೆಟ್ರೋ ಸಭೆಯಲ್ಲಿ ಎದ್ದ ತಕರಾರಿಗೆ ಮುಂದಿನ ರೆಟ್ರೋದೊಳಗೆ ಹೌದು ಅಥವಾ ಅಲ್ಲ ಎಂಬ ಉತ್ತರ ಬರಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಉಪಕರಣ ಕೊಳ್ಳಬೇಕಿಲ್ಲ, ಸಲಹೆಗಾರರನ್ನು ಕರೆಸಬೇಕಿಲ್ಲ. ತಂಡದ ಅತಿ ಕಿರಿಯ ಎಂಜಿನಿಯರ್ ಕಳೆದ ಮೂರು ತಿಂಗಳಲ್ಲಿ ಎತ್ತಿದ ಒಂದು ಆಕ್ಷೇಪದಿಂದ ಬದಲಾದ ಒಂದು ತೀರ್ಮಾನವನ್ನು ತೋರಿಸಿ ಎಂದು ಯಾವ ಡೆಲಿವರಿ ಮ್ಯಾನೇಜರನ್ನಾದರೂ ಕೇಳಬಹುದು. ಆ ಪ್ರಶ್ನೆಯನ್ನು ಕೇಳಬೇಕಾದವರು ಕಂಪನಿಗಳ ಮೇಲಧಿಕಾರಿಗಳು, ಅವರೊಂದಿಗೆ ಒಪ್ಪಂದ ಮಾಡಿಕೊಳ್ಳುವ ಗ್ರಾಹಕರು, ಮತ್ತು ಸರ್ಕಾರಿ ಸಾಫ್ಟ್‌ವೇರಿನ ಟೆಂಡರ್ ಬರೆಯುವ ಅಧಿಕಾರಿಗಳು.